ಸರಕುಗಾಡಿಯ ಟೈರು

ಬೆಂಗಳೂರಿನ ಸುಲ್ತಾನ್‌ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಕಾಗದದ ಹೊರೆಗಳನ್ನು ಸಾಗಿಸುವ ಪಿಕಪ್ ವಾಹನದ ಒಡೆಯನಿಗೆ, ಶೀತದೇಶಗಳಲ್ಲಿ ಹಿಮಕ್ಕೆಂದೇ ನಿರ್ಮಿತವಾದ ಟೈರು ಅನಾವಶ್ಯಕವಾದರೂ, ಮುಂಗಾರಿನ ನೀರನ್ನು ಚಕ್ರದಡಿಯಿಂದ ಹೊರದೂಡಬಲ್ಲ ಆಳವಾದ ಗೀರುಗಳುಳ್ಳ ಟೈರು ಅತ್ಯಾವಶ್ಯಕವೇ ಸರಿ. ಮಿತವ್ಯಯವನ್ನು ಬಯಸಿ ಜೆ.ಸಿ. ರಸ್ತೆಗೋ ಕಲಾಸಿಪಾಳ್ಯಕ್ಕೋ ಹೋಗಿ ಬಳಸಿದ ಟೈರನ್ನು ಕೊಳ್ಳುವವನು, ಅದರ ಹೊಳಪಿಗೆ ಮರುಳಾಗದೆ, ಪಾರ್ಶ್ವದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದತಕ್ಕದ್ದು: 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಒಂದು ಮೈಲಿಯೂ ಓಡದ ರಬ್ಬರು ಸಹ ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ. ಹೊರೆಯ ಸಾಮರ್ಥ್ಯವನ್ನು ಸೂಚಿಸುವ ಅಂಕಿಯೂ ಅಲ್ಲಿಯೇ ಉಂಟು. ಕಾರಿನ ಟೈರು ಅಳತೆಯಲ್ಲಿ ಹೊಂದಿದರೂ ಸರಕುಗಾಡಿಯ ಭಾರವನ್ನು ತಾಳಲಾರದು. ರಿಮ್ಮಿನ ವಿಷಯದಲ್ಲಂತೂ, ಬಿರುಕುಬಿಟ್ಟು ಬೆಸುಗೆ ಹಾಕಿಸಿಕೊಂಡುದನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.