ತಾರೆ ಹೊರಗೆ ಕೂತಾಗ ಗೆದ್ದವರು

ರನ್ನ ಬೆಳಗಲಿ ಕವಿ ರನ್ನನ ಊರು. ಆತನ ಗದಾಯುದ್ಧದಲ್ಲಿ ಇಡೀ ಕುರುಕ್ಷೇತ್ರ ಕೊನೆಗೆ ಭೀಮ, ದುರ್ಯೋಧನ ಇಬ್ಬರ ಕಾಳಗಕ್ಕೆ ಬಂದು ನಿಲ್ಲುತ್ತದೆ. ಕಬಡ್ಡಿ ಅಂಕಣದ ಸುತ್ತ ನೆರೆಯುವ ನಮ್ಮ ಸೀಮೆಯ ಜನರ ಕಣ್ಣೂ ಹಾಗೆಯೇ ಒಬ್ಬ ರೈಡರನ ಮೇಲೆ ನೆಟ್ಟಿರುತ್ತದೆ. "ಅಂವ ಅವರ ಕಡೆ ಅದಾನ, ಇನ್ನ ಗೆಲ್ಲೂದು ಅವರೇ" ಎಂದು ಆಟಕ್ಕೆ ಮೊದಲೇ ತೀರ್ಪು ಕೊಡುವವರಿಗೆ ಬರವಿಲ್ಲ. ಒಬ್ಬ ತಾರೆ ಇಲ್ಲದೆ ತಂಡ ಗೆಲ್ಲಲಾರದೇ? ಉತ್ತರವನ್ನು ಪ್ರೊ ಕಬಡ್ಡಿಯೇ ಕೆಲವು ವರ್ಷಗಳಲ್ಲಿ ಹಂತಹಂತವಾಗಿ ತೋರಿಸಿಕೊಟ್ಟಿತು.

ಮೊದಲ ಸಾಕ್ಷಿ ತಾರೆಯ ಪರವಾಗಿತ್ತು. 2019ರ ಜನವರಿ 5ರಂದು ಮುಂಬೈ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಅರ್ಧ ಆಟ ಮುಗಿದಾಗ ಗುಜರಾತ್‌ಗಿಂತ ಹಿಂದಿತ್ತು. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ಬಾಚಿದರು. ಬುಲ್ಸ್ 38-33ರಿಂದ ಮೊದಲ ಬಾರಿ ಚಾಂಪಿಯನ್ ಆಯಿತು. ಕರ್ನಾಟಕವೇ ಕುಣಿದಾಡಿತು. ತಾರೆ ಇದ್ದರೆ ಸಾಕು ಎಂದು ಯಾರಿಗಾದರೂ ಅನ್ನಿಸುವಂತಿತ್ತು.

ಮುಂದಿನ ಆವೃತ್ತಿಯಲ್ಲಿ ಪವನ್ ಇನ್ನೂ ಎತ್ತರಕ್ಕೇರಿದರು. ಹಿಂದಿನ 271 ರೈಡ್ ಪಾಯಿಂಟ್ 346ಕ್ಕೆ ಏರಿತು. ಆದರೂ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತಿತು. ಅದರ ಮುಂದಿನ ಆವೃತ್ತಿಯಲ್ಲಿ ಅವರು 304 ಪಾಯಿಂಟ್ ಗಳಿಸಿದರು. ಆಗಲೂ ಅದೇ ಹಂತ, ಅದೇ ಎದುರಾಳಿ, ಅದೇ ಸೋಲು.

ನಿಜವಾದ ಪರೀಕ್ಷೆ ನಡೆದದ್ದು ಪವನ್ 346 ಪಾಯಿಂಟ್ ಗಳಿಸಿದ ಆವೃತ್ತಿಯಲ್ಲೇ, 2019ರ ಅಕ್ಟೋಬರ್ 19ರ ಅಹಮದಾಬಾದ್ ಫೈನಲ್‌ನಲ್ಲಿ. ಬೆಂಗಾಲ್ ವಾರಿಯರ್ಸ್‌ನ ತಾರೆ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಎದುರು ಡೆಲ್ಲಿಯ ನವೀನ್ ಕುಮಾರ್, ಆ ಆವೃತ್ತಿಯಲ್ಲಿ 300 ರೈಡ್ ಪಾಯಿಂಟ್‌ಗಳ ಗಡಿ ದಾಟಿದ ರೈಡರ್. ಬೆಂಗಾಲ್ ತಂಡದ ಕೋಚ್ ನಮ್ಮ ರಾಜ್ಯದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್. ಆರಂಭದಲ್ಲಿ ಡೆಲ್ಲಿ ಮುನ್ನುಗ್ಗಿತು; ವಿರಾಮದ ಹೊತ್ತಿಗೆ 17-17. ನವೀನ್ 18 ಪಾಯಿಂಟ್ ಗಳಿಸಿದರು, ಅಂದರೆ ತಂಡದ 34ರಲ್ಲಿ ಅರ್ಧಕ್ಕೂ ಹೆಚ್ಚು. ಬೆಂಗಾಲ್ ಪರ ಅತಿ ಹೆಚ್ಚು ಗಳಿಸಿದ ಇರಾನಿನ ನಬೀಬಕ್ಷ್ ಪಾಲು 39ರಲ್ಲಿ 10 ಮಾತ್ರ. ಉಳಿದದ್ದು ಕನ್ನಡಿಗ ಸುಕೇಶ್ ಹೆಗ್ಡೆ ಮತ್ತು ಜತೆಗಾರರು ಹಂಚಿಕೊಂಡು ತಂದದ್ದು. ಕಪ್ ಬೆಂಗಾಲ್ ಪಾಲಾಯಿತು.

ಇದರ ಗುಟ್ಟು ಕಬಡ್ಡಿಯ ನಿಯಮದಲ್ಲೇ ಇದೆ. ಸಿಕ್ಕಿಬಿದ್ದ ರೈಡರ್ ಹೊರಗೆ ಕೂರಬೇಕು. ತನ್ನವರು ಎದುರಾಳಿಯನ್ನು ಔಟ್ ಮಾಡಿದರಷ್ಟೇ ಔಟಾದ ಸರದಿಯಂತೆ ಒಬ್ಬೊಬ್ಬರು ಒಳಬರುತ್ತಾರೆ; ಬೋನಸ್ ಪಾಯಿಂಟ್‌ನಿಂದ ಯಾರೂ ಮರಳುವುದಿಲ್ಲ. ಆದ್ದರಿಂದ ತಾರೆಯನ್ನು ಮತ್ತೆ ಕಣಕ್ಕಿಳಿಸುವುದು ಕಾರ್ನರ್, ಕವರ್ ಆಟಗಾರರ ಹಿಡಿತ ಮತ್ತು ಎರಡನೇ ರೈಡರನ ಟಚ್. ಅವರು ಎಡವಿದರೆ ಎಂಥ ತಾರೆಯೂ ನೋಡುತ್ತ ಕೂರಬೇಕಾಗುತ್ತದೆ. ಅಷ್ಟರಲ್ಲಿ ತಂಡ ಆಲೌಟ್ ಆಗಿ ಎದುರಾಳಿಗೆ ಎರಡು ಹೆಚ್ಚುವರಿ ಪಾಯಿಂಟ್ ಹೋಗುತ್ತದೆ.

ರಮೇಶ್ ಮುಂದೆ ಪುಣೇರಿ ಪಲ್ಟನ್ ಸೇರಿದರು. ಅಲ್ಲಿ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ರೈಡಿಂಗ್ ಹೊರೆ ಹಂಚಿಕೊಂಡರು. ರಕ್ಷಣೆಯಲ್ಲಿ ಇರಾನಿನ ಶಾದ್ಲೂಯಿ ಗೋಡೆಯಾದರು. 2024ರ ಮಾರ್ಚ್ 1ರಂದು ಹೈದರಾಬಾದ್ ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರ ಗೆಲುವು. ಆ ಆವೃತ್ತಿಯ ಶ್ರೇಷ್ಠ ರೈಡರ್ ಅಶು ಮಲಿಕ್ ಇದ್ದ ಡೆಲ್ಲಿ, ಫೈನಲ್ ತನಕವೂ ಬಂದಿರಲಿಲ್ಲ.

ತಾರೆ ಬೇಡವೆಂದು ಇದರ ಅರ್ಥವಲ್ಲ. ಬೆಂಗಾಲ್ ಕಪ್ ಗೆದ್ದ ಆವೃತ್ತಿಯಲ್ಲಿ ಮಣಿಂದರ್ ಗಳಿಸಿದ 205 ರೈಡ್ ಪಾಯಿಂಟ್ ಇಲ್ಲದಿದ್ದರೆ ಆ ತಂಡಕ್ಕೆ ಫೈನಲ್ ದಕ್ಕುತ್ತಿತ್ತೆಂದು ನಾನು ನಂಬುವುದಿಲ್ಲ. ಆದರೆ ಅವರಿಲ್ಲದ ಆ ನಲವತ್ತು ನಿಮಿಷ ಗೆದ್ದುಕೊಟ್ಟದ್ದು, ವರ್ಷವಿಡೀ ತಯಾರಾಗಿ ನಿಂತಿದ್ದ ಉಳಿದವರು. ನಮ್ಮ ಊರುಗಳ ತಂಡಗಳು ಕಲಿಯಬೇಕಾದದ್ದು ಇದನ್ನೇ. ಬಹುಮಾನ, ಚಪ್ಪಾಳೆ, ಅಭ್ಯಾಸದ ಹೊತ್ತು ಎಲ್ಲವನ್ನೂ ಒಬ್ಬ ಹುಡುಗನಿಗೆ ಸುರಿಯಬಾರದು. ಎಡ ಕಾರ್ನರಿನಲ್ಲಿ ಪಾದ ಹಿಡಿಯುವವನಿಗೂ, ಮೂರನೇ ರೈಡಿಗೆ ಹೋಗುವವನಿಗೂ ಅಷ್ಟೇ ಕಾಳಜಿಯಿಂದ ಕಲಿಸಬೇಕು. ಒಳ್ಳೆಯ ರೈಡರನಿಗೆ ಊರು ಕೊಡಬಹುದಾದ ದೊಡ್ಡ ಗೌರವವೆಂದರೆ ಅವನನ್ನು ಬೇಗ ಅಂಕಣಕ್ಕೆ ಮರಳಿಸಬಲ್ಲ ಆರು ಜನ ಜತೆಗಾರರು.