ನಳಿಗೆಯ ಪಾಠಾಂತರ

ಹಳಗನ್ನಡದ ಪಾಠ ಹೇಳಿಕೊಂಡು ಬಂದವನಿಗೂ ರಿವಾಲ್ವರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕೋವಿಯನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಆದರೆ ತ್ರುಟಿತವಾದ ಓಲೆಗರಿಯ ಪಾಠವನ್ನು ಸರಿಪಡಿಸುವವನಿಗೂ ಸವೆದ ನಳಿಗೆಯನ್ನು ದುರಸ್ತಿ ಮಾಡುವವನಿಗೂ ಎದುರಾಗುವ ಪ್ರಶ್ನೆ ಒಂದೇ: ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು?

ಅಮೆರಿಕದ ಸೈನ್ಯ 1873ರಲ್ಲಿ ಅಂಗೀಕರಿಸಿದ ಕೋಲ್ಟ್ ರಿವಾಲ್ವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಹಿಂಬದಿಯ ಕುದುರೆಯನ್ನು ಪ್ರತಿಸಲವೂ ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕು. ಆಗ ಆರು ತೋಟಾಗಳ ಉರುಳೆ ಒಂದು ಮನೆ ತಿರುಗುತ್ತದೆ. ಟ್ರಿಗರಿಗೆ ಕುದುರೆಯನ್ನು ಬಿಡಿಸುವ ಒಂದೇ ಕೆಲಸ. ಆದ್ದರಿಂದಲೇ ಇದು ‘ಸಿಂಗಲ್ ಆಕ್ಷನ್’. ನಳಿಗೆ ಉರುಳೆಯಿಂದ ಬೇರೆಯಾದುದು. ಅದರ ಬುಡವನ್ನು ತಿರುಪಿನಂತೆ ಚೌಕಟ್ಟಿನೊಳಕ್ಕೆ ತಿರುಗಿಸಿ ಬಿಗಿದಿರುತ್ತಾರೆ. ಒಳಗೋಡೆಯ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ.

ನಳಿಗೆ ಕೆಡುವುದು ಹೇಗೆ? ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ತೊಳೆಯದೆ ಬಿಟ್ಟರೆ ತುಕ್ಕು ಹಿಡಿದು ಒಳಮೈ ಸಿಡುಬಿನ ಮುಖದಂತಾಗುತ್ತದೆ. ಒಂದು ಗುಂಡು ಒಳಗೇ ಸಿಕ್ಕಿಕೊಂಡಿರುವಾಗ ಇನ್ನೊಂದನ್ನು ಹಾರಿಸಿದರೆ ನಳಿಗೆ ಬಳೆಯಂತೆ ಉಬ್ಬುತ್ತದೆ.

ಬದಲಿಸುವುದೆಂದರೆ ಒಂದನ್ನು ಬಿಚ್ಚಿ ಇನ್ನೊಂದನ್ನು ತಿರುಗಿಸುವುದಷ್ಟೇ ಅಲ್ಲ. ಚೌಕಟ್ಟನ್ನು ಅದರ ಆಕಾರಕ್ಕೆ ಹೊಂದುವ ಅಚ್ಚಿನಲ್ಲಿ ಹಿಡಿಯದಿದ್ದರೆ ಅದೇ ಸೊಟ್ಟಗಾದೀತು. ಹೊಸ ನಳಿಗೆ ಪೂರ್ತಿ ಬಿಗಿಯಾದಾಗ ಅದರ ತುದಿಯಲ್ಲಿ ಗುರಿ ನೋಡುವ ಅಲಗು ನೆಟ್ಟಗೆ ಮೇಲಕ್ಕಿರಬೇಕು. ವಾಲಿದರೆ ಗುರಿ ತಪ್ಪುತ್ತದೆ. ನಳಿಗೆಗೂ ಉರುಳೆಗೂ ನಡುವಿನ ಸಂದು ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲು. ಕಡಮೆಯಾದರೆ ಮಸಿ ಕಟ್ಟಿ ಉರುಳೆ ತಿರುಗದು. ಹೆಚ್ಚಾದರೆ ಉರಿಯ ಉಸಿರು ಪಕ್ಕಕ್ಕೆ ನುಗ್ಗುತ್ತದೆ. ಇದು ಪಳಗಿದ ಕೈಯ ಕೆಲಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಕೋವಿಯ ದುರಸ್ತಿಗೂ ನಳಿಗೆಯನ್ನು ಮೊಟಕುಗೊಳಿಸುವುದಕ್ಕೂ ಪರವಾನಗಿ ಬೇಕೆಂದು ವಿಧಿಸಿದೆ.

ಇನ್ನೊಂದು ದಾರಿಯೂ ಉಂಟು. ಹಳೆಯ ನಳಿಗೆಯ ಒಳಗನ್ನು ಅಗಲವಾಗಿ ಕೊರೆದು, ಗೀರುಗಳುಳ್ಳ ತೆಳುವಾದ ಹೊಸ ಕೊಳವೆಯನ್ನು ಕೂಡಿಸುವುದು. ಹೊರಮೈಯ ಅಕ್ಷರಗಳೂ ಅಂಕಿಗಳೂ ಹಾಗೆಯೇ ಉಳಿಯುತ್ತವೆ. ಓಲೆ ಹಳೆಯದು, ಪಾಠ ಹೊಸದು!

ಈ ಅಂಕಿಗಳ ಕಥೆ ಸ್ವಾರಸ್ಯದ್ದು. ಅಶ್ವದಳಕ್ಕೆ ಕೊಟ್ಟ ಕೋಲ್ಟುಗಳ ನಳಿಗೆ ಸುಮಾರು 19 ಸೆಂಟಿಮೀಟರು ಉದ್ದ. ಚೌಕಟ್ಟು, ಉರುಳೆ, ನಳಿಗೆಗಳ ಮೇಲೆ ಒಂದೇ ಕ್ರಮಸಂಖ್ಯೆ ಇರುತ್ತಿತ್ತು. 1890ರ ದಶಕದ ನಡುವಿನಿಂದ ಸೈನ್ಯ ಇಂಥ ಸಾವಿರಾರು ರಿವಾಲ್ವರುಗಳನ್ನು ಬಿಚ್ಚಿ, ನಳಿಗೆಗಳನ್ನು ಸುಮಾರು 14 ಸೆಂಟಿಮೀಟರಿಗೆ ಕತ್ತರಿಸಿ, ಮತ್ತೆ ಜೋಡಿಸಿತು. ಹೆಚ್ಚಿನವುಗಳಲ್ಲಿ ಸಂಖ್ಯೆಯನ್ನು ನೋಡಿ ಜೋಡಿಸಲಿಲ್ಲ. ಒಂದರ ಚೌಕಟ್ಟಿಗೆ ಇನ್ನೊಂದರ ನಳಿಗೆ ಬಂತು. ಸಂಗ್ರಾಹಕರು ಇವನ್ನು ‘ಆರ್ಟಿಲರಿ’ ಮಾದರಿ ಎಂದು ಕರೆಯುತ್ತಾರೆ.

ಹಾಗಾದರೆ ಇವು ಖೋಟಾವೇ? ಅಲ್ಲ. ಹೊಂದದ ಆ ಅಂಕಿಗಳೇ ಅವುಗಳ ಬಾಳಿನ ಸಾಕ್ಷ್ಯ. ಖೋಟಾ ಕೆಲಸ ಬೇರೆಯೇ: ಹೆಚ್ಚಿನ ಬೆಲೆಯ ಆಸೆಯಿಂದ ಉದ್ದನೆಯ ಹೊಸ ನಳಿಗೆಯನ್ನು ತೊಡಿಸಿ, ಚೌಕಟ್ಟಿನ ಸಂಖ್ಯೆಯನ್ನೇ ಅದರ ಮೇಲೆ ಒತ್ತಿ, ಮೊದಲಿನಿಂದ ಹೀಗೆಯೇ ಇತ್ತೆಂದು ಮಾರುವುದು. ಸೈನ್ಯದ ಕಮ್ಮಾರ ಇತಿಹಾಸಕ್ಕೆ ಒಂದು ಪುಟ ಸೇರಿಸಿದ. ಇವನು ಇದ್ದ ಪುಟವನ್ನು ಹರಿದ.

ಗ್ರಂಥಸಂಪಾದಕ ಲುಪ್ತವಾದ ಅಕ್ಷರವನ್ನು ಊಹಿಸಿ ತುಂಬಿದಾಗ ಅದನ್ನು ಕಂಸದಲ್ಲಿಡುತ್ತಾನೆ. ನಳಿಗೆ ಬದಲಿಸಿದವನೂ ಒಂದು ಚೀಟಿ ಬರೆದಿಟ್ಟು, ಕಳಚಿದ ಹಳೆಯ ನಳಿಗೆಯನ್ನು ಜೊತೆಗೇ ಕಾಪಾಡಿದರೆ ಸಾಕು. ದುರಸ್ತಿ ದೋಷವಲ್ಲ, ದುರಸ್ತಿಯನ್ನು ಮುಚ್ಚಿಡುವುದು ದೋಷ.