ಪೊಲೀಸರ ಸಂಬಳ, ಪಿಂಚಣಿ ಜಾಸ್ತಿಯಾಯ್ತಾ? ಲೆಕ್ಕ ಇಲ್ಲಿದೆ

ಗುರುಪುರ: "ಅವರಿಗೇನು ಬಿಡಿ, ತಿಂಗಳಾದ್ರೆ ಸಂಬಳ, ರಿಟೈರ್ ಆದ್ರೆ ಪಿಂಚಣಿ. ನಾವು ಅಂಗಡಿ ಬಾಗಿಲು ಹಾಕಿದ ದಿನವೇ ಸಂಪಾದನೆ ನಿಂತುಹೋಗುತ್ತೆ." ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಎಲ್ಲೇ ಹೋಗಿ, ಟೀ ಅಂಗಡಿ ಮುಂದೆ ಈ ಮಾತು ಕೇಳಿಬರುತ್ತೆ. ಅದೇ ಟೀ ಅಂಗಡಿಗೆ ಬರುವ ಪೇದೆಯನ್ನ ಕೇಳಿದರೆ, "ಹಬ್ಬದ ದಿನ ಮಕ್ಕಳ ಮುಖ ನೋಡಿ ಎಷ್ಟು ವರ್ಷ ಆಯ್ತು ಗೊತ್ತಾ?" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಹಾಗಾದರೆ ಲೆಕ್ಕ ಏನು ಹೇಳುತ್ತೆ?

ಕೈಗೆ ಬರೋದೆಷ್ಟು?

ರಾಜ್ಯದಲ್ಲಿ ಕೆ.ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ವೇತನ ಆಯೋಗದ ವರದಿ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ ₹17,000ದಿಂದ ₹27,000ಕ್ಕೆ ಏರಿತು. ಪೊಲೀಸ್ ಕಾನ್‌ಸ್ಟೆಬಲ್ ವೇತನ ಶ್ರೇಣಿ ₹23,500–47,650 ಇದ್ದದ್ದು ₹37,500–76,100 ಆಯಿತು.

ಹೊಸದಾಗಿ ಸೇರಿದ ಪೇದೆಯ ಲೆಕ್ಕ ಹೀಗೆ. ಮೂಲ ವೇತನ ₹37,500. 2025ರ ಜನವರಿಯಿಂದ ಅನ್ವಯವಾದ ಶೇ 12.25ರ ತುಟ್ಟಿಭತ್ಯೆ ಹಿಡಿದರೆ ಸುಮಾರು ₹4,594. ತಾಲ್ಲೂಕು ಮಟ್ಟದ ಊರುಗಳಿಗೆ ಮನೆ ಬಾಡಿಗೆ ಭತ್ಯೆ ಶೇ 7.5, ಅಂದರೆ ಸುಮಾರು ₹2,813. ಪೊಲೀಸ್ ಕ್ವಾರ್ಟರ್ಸ್‌ನಲ್ಲಿದ್ದರೆ ಅದೂ ಇಲ್ಲ. ಎಲ್ಲ ಕೂಡಿದರೆ ₹44,900ದ ಆಸುಪಾಸು. ಅದರಲ್ಲಿ ಪಿಂಚಣಿ ವಂತಿಗೆ ಅಂತ ಸುಮಾರು ₹4,200 ಮುರಿದುಕೊಳ್ಳುತ್ತಾರೆ. ವಿಮೆ, ವೃತ್ತಿ ತೆರಿಗೆ ಬೇರೆ.

ಪಿಯುಸಿ ಪಾಸಾದವರಿಗೆ ಸಿಗುವ ಕೆಲಸಕ್ಕೆ ಇದು ಒಳ್ಳೆ ಸಂಬಳವೇ. ಹುಣಸೂರು ಪೇಟೆಯಲ್ಲಿ ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ದುಡಿಯುವ ಹುಡುಗರು ಈ ಮೊತ್ತ ನೋಡೋದು ಕನಸಿನ ಮಾತು.

ಆದರೆ ಗಂಟೆ ಲೆಕ್ಕವನ್ನೂ ಹಾಕಬೇಕು. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 26 ದಿನ ದುಡಿದರೆ ಗಂಟೆಗೆ ಸುಮಾರು ₹216 ಬೀಳುತ್ತೆ. ಅದೇ ಸಂಬಳಕ್ಕೆ ದಿನಕ್ಕೆ 12 ಗಂಟೆಯಂತೆ 28 ದಿನ ನಿಂತರೆ ಗಂಟೆಗೆ ₹134ಕ್ಕೆ ಇಳಿಯುತ್ತೆ. ಹುಣಸೂರಿನ ಹನುಮ ಜಯಂತಿ, ಚುಂಚನಕಟ್ಟೆ ಜಾತ್ರೆ, ಮೈಸೂರು ದಸರಾ, ಆಮೇಲೆ ಚುನಾವಣೆ. ಬಂದೋಬಸ್ತ್ ಅಂತ ಹೊರಟರೆ ಗಡಿಯಾರ ನೋಡುವಂತಿಲ್ಲ.

ಕೇಳೋಕೂ ಹಕ್ಕಿಲ್ಲ

ಬೇರೆ ನೌಕರರು ಬೇಡಿಕೆ ಇಟ್ಟು ಮುಷ್ಕರ ಮಾಡಿದ್ದುಂಟು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಹೋಗದೆ ಕೂತಾಗ ಅದೇ ದಿನ ಶೇ 17ರ ಮಧ್ಯಂತರ ಪರಿಹಾರ ಘೋಷಣೆಯಾಯಿತು. ಪೊಲೀಸರಿಗೆ ಆ ದಾರಿ ಇಲ್ಲ. 1966ರ ಕೇಂದ್ರ ಕಾಯ್ದೆ ಪೊಲೀಸರು ಕಾರ್ಮಿಕ ಸಂಘ ಕಟ್ಟುವುದಕ್ಕೆ ಕಡಿವಾಣ ಹಾಕಿದೆ.

2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಿ ಪ್ರತಿಭಟಿಸಲು ರಾಜ್ಯದ ಪೊಲೀಸರು ಮುಂದಾಗಿದ್ದರು. ಕಡಿಮೆ ಸಂಬಳ, ರಜೆ ಇಲ್ಲದ ದುಡಿಮೆ, ಮೇಲಧಿಕಾರಿಗಳ ಕಿರುಕುಳ ಇವೇ ಅವರ ದೂರು. ಸರ್ಕಾರ ಎಸ್ಮಾ ಎಚ್ಚರಿಕೆ ಕೊಟ್ಟಿತು, ಹೋರಾಟಕ್ಕೆ ಕರೆ ಕೊಟ್ಟ ಮುಖಂಡರ ಬಂಧನವೂ ಆಯಿತು. ಅದೇ ವರ್ಷ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಸಂಬಳ ಹೆಚ್ಚಿಸಿ ಎಂದು ಶಿಫಾರಸು ಮಾಡಿತು. ಅದು ಜಾರಿಗೆ ಬಂದದ್ದು 2019ರ ಆಗಸ್ಟ್‌ನಲ್ಲಿ, ಅದೂ ಭಾಗಶಃ.

ಪಿಂಚಣಿ: ಒಂದೇ ಠಾಣೆ, ಎರಡು ಲೆಕ್ಕ

ಪೇಟೆ ಜನ "ಪೊಲೀಸ್ ಪಿಂಚಣಿ" ಅಂದರೆ ಎಲ್ಲರಿಗೂ ಒಂದೇ ಅಂದುಕೊಂಡಿದ್ದಾರೆ. ಹಾಗಿಲ್ಲ. 2006ರ ಏಪ್ರಿಲ್ 1 ಇಲ್ಲಿ ಗಡಿಗೆರೆ.

ಅದಕ್ಕೂ ಮೊದಲು ಸೇರಿದವರಿಗೆ ಹಳೇ ಪಿಂಚಣಿ. ಪೂರ್ತಿ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ₹70,000 ಮೂಲ ವೇತನದಲ್ಲಿ ನಿವೃತ್ತರಾದರೆ ಪಿಂಚಣಿ ₹35,000, ಶೇ 12.25 ತುಟ್ಟಿಭತ್ಯೆ ಸೇರಿ ಸುಮಾರು ₹39,300. ಅವರು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ. ಸಂಬಳದಿಂದ ಇದಕ್ಕಾಗಿ ಒಂದು ಪೈಸೆಯನ್ನೂ ಮುರಿದಿರುವುದಿಲ್ಲ. ಆಯಾ ವರ್ಷದ ತೆರಿಗೆ ಹಣದಿಂದಲೇ ಸರ್ಕಾರ ಕೊಡುತ್ತೆ.

ಆಮೇಲೆ ಸೇರಿದವರಿಗೆ ಎನ್‌ಪಿಎಸ್. ಮೂಲ ವೇತನ, ತುಟ್ಟಿಭತ್ಯೆ ಸೇರಿದ ಮೊತ್ತದ ಶೇ 10 ನೌಕರನದ್ದು, ಶೇ 14 ಸರ್ಕಾರದ್ದು. ಹಣ ಮಾರುಕಟ್ಟೆಗೆ ಹೋಗುತ್ತೆ. ನಿವೃತ್ತಿ ದಿನ ಕೂಡಿದ ಗಂಟಿನಲ್ಲಿ ಶೇ 60ರವರೆಗೆ ಕೈಗೆ ತೆಗೆದುಕೊಳ್ಳಬಹುದು, ಉಳಿದ ಶೇ 40ರಲ್ಲಿ ತಿಂಗಳ ವರ್ಷಾಶನ ಕೊಳ್ಳಬೇಕು. ಉದಾಹರಣೆಗೆ ₹50 ಲಕ್ಷ ಕೂಡಿದ್ದರೆ ₹30 ಲಕ್ಷ ಕೈಗೆ. ಮಿಕ್ಕ ₹20 ಲಕ್ಷಕ್ಕೆ ಶೇ 6 ಸಿಕ್ಕರೆ ತಿಂಗಳಿಗೆ ₹10,000. ಬೆಲೆ ಎಷ್ಟೇ ಏರಲಿ, ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ.

ಹಾಗಾಗಿ ಒಂದೇ ಠಾಣೆಯಲ್ಲಿ 2005ರಲ್ಲಿ ಸೇರಿದ ಎಎಸ್‌ಐ, 2007ರಲ್ಲಿ ಸೇರಿದ ಹೆಡ್ ಕಾನ್‌ಸ್ಟೆಬಲ್ ಅಕ್ಕಪಕ್ಕ ಕೂತಿದ್ದರೂ ಅವರ ಮುಪ್ಪಿನ ಲೆಕ್ಕವೇ ಬೇರೆ. 2006ಕ್ಕೆ ಮೊದಲು ಅಧಿಸೂಚನೆಯಾಗಿ ನಂತರ ನೇಮಕವಾದ ಸುಮಾರು 13,000 ನೌಕರರಿಗೆ ಹಳೇ ಪಿಂಚಣಿ ಕೊಡುವುದಾಗಿ ಸರ್ಕಾರ 2024ರ ಜನವರಿಯಲ್ಲಿ ಪ್ರಕಟಿಸಿತು. ಉಳಿದವರ ಬೇಡಿಕೆ ಹಾಗೇ ಉಳಿಯಿತು.

ಅಂಗಡಿಯವರ ಪ್ರಶ್ನೆ ಸುಳ್ಳಲ್ಲ

"ಈ ದುಡ್ಡೆಲ್ಲ ನಮ್ಮ ಜಿಎಸ್‌ಟಿಯಿಂದ ತಾನೆ?" ಎಂಬ ಪ್ರಶ್ನೆಯನ್ನ ತಳ್ಳಿಹಾಕುವಂತಿಲ್ಲ. 7ನೇ ವೇತನ ಆಯೋಗದ ಜಾರಿಯಿಂದ ಎಲ್ಲ ಇಲಾಖೆ ಸೇರಿ ಬೊಕ್ಕಸಕ್ಕೆ ಬಿದ್ದ ಹೆಚ್ಚುವರಿ ಹೊರೆಯೇ ವರ್ಷಕ್ಕೆ ₹20,208 ಕೋಟಿ. ಹಳೇ ಪಿಂಚಣಿಗೆ ಮರಳುವ ರಾಜ್ಯಗಳು ಮುಂದೆ ದೊಡ್ಡ ಹೊರೆ ಹೊರಬೇಕಾಗುತ್ತೆ ಅಂತ ರಿಸರ್ವ್ ಬ್ಯಾಂಕ್ ಕೂಡ 2023ರಲ್ಲಿ ಎಚ್ಚರಿಸಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ವಲ್ಲೇಹೊ ಎಂಬ ಊರು 2008ರಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಸಂಬಳ, ಪಿಂಚಣಿ ಕರಾರುಗಳೇ ಮುಖ್ಯ ಕಾರಣಗಳಲ್ಲಿ ಒಂದಾಗಿದ್ದವು.

ಇತ್ತ ಸಣ್ಣ ವ್ಯಾಪಾರಿಗೆ ಏನಿದೆ? ಕೇಂದ್ರದ ಲಘು ವ್ಯಾಪಾರಿ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದೊಳಗೆ ಸೇರಿ ವಂತಿಗೆ ಕಟ್ಟಿದರೆ 60ರ ನಂತರ ತಿಂಗಳಿಗೆ ₹3,000. ಅಟಲ್ ಪಿಂಚಣಿಯಲ್ಲಿ ₹1,000ದಿಂದ ₹5,000. ಏನೂ ಇಲ್ಲದ ಬಡವರಿಗೆ ಸಂಧ್ಯಾ ಸುರಕ್ಷಾದ ₹1,200. ₹39,000ದ ಪಕ್ಕ ಇವನ್ನಿಟ್ಟು ನೋಡಿದರೆ ಹೊಟ್ಟೆ ಉರಿಯೋದು ಸಹಜ.

ಇನ್ನೊಂದು ಮಗ್ಗುಲೂ ಇದೆ. ಈ ಸಂಬಳ, ಪಿಂಚಣಿಯ ದೊಡ್ಡ ಪಾಲು ತಿರುಗಿ ಇದೇ ಪೇಟೆಗಳ ದಿನಸಿ, ಬಟ್ಟೆ, ಔಷಧಿ ಅಂಗಡಿಗೇ ಬರುತ್ತೆ. ತಂಬಾಕು ಹರಾಜು ಮುಗಿದು ರೈತರ ಕೈ ಬರಿದಾದ ತಿಂಗಳಲ್ಲೂ ತಪ್ಪದೆ ಬರುವ ವ್ಯಾಪಾರ ಅದು.

ಲೆಕ್ಕಕ್ಕೇ ಸಿಗದವರು

ಜಾತ್ರೆಯಲ್ಲಿ, ಸರ್ಕಲ್‌ನಲ್ಲಿ ಖಾಕಿ ಹಾಕಿ ನಿಂತವರೆಲ್ಲ ಪೊಲೀಸರಲ್ಲ. ಹೋಮ್ ಗಾರ್ಡ್‌ಗಳಿಗೆ ಸಂಬಳ ಅನ್ನೋದೇ ಇಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ ಅಷ್ಟೆ. ಪಿಂಚಣಿಯೂ ಇಲ್ಲ. 30 ದಿನ ದುಡಿದರೆ ಪೇದೆಯ ಕನಿಷ್ಠ ವೇತನಕ್ಕೆ ಸಮನಾಗುವಷ್ಟು ದಿನಭತ್ಯೆ ಕೊಡಿ ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ ಹೇಳಿತ್ತು.

ಈ ಭಾಗದಲ್ಲಿ ಜನರ ಜೀವ ಕಾಯುವ ಇನ್ನೊಂದು ಪಡೆ ಅರಣ್ಯ ಇಲಾಖೆಯದ್ದು. ನಾಗರಹೊಳೆ ಅಂಚಿನ ವೀರನಹೊಸಹಳ್ಳಿ, ಗುರುಪುರ ಸುತ್ತಮುತ್ತ ಆನೆ ಬಂತು ಅಂದರೆ ಓಡಿ ಬರೋರು ಅವರೇ. ಅವರಲ್ಲಿ ದಿನಗೂಲಿ, ಹೊರಗುತ್ತಿಗೆ ವಾಚರ್‌ಗಳೂ ಇದ್ದಾರೆ. ಅಪಾಯ ಮಾತ್ರ ಹುದ್ದೆ ನೋಡಿ ಬರಲ್ಲ. 2018ರ ಮಾರ್ಚ್‌ನಲ್ಲಿ ನಾಗರಹೊಳೆ ಹುಲಿ ಯೋಜನೆಯ ನಿರ್ದೇಶಕರಾಗಿದ್ದ ಐಎಫ್‌ಎಸ್ ಅಧಿಕಾರಿ ಎಸ್.ಮಣಿಕಂದನ್ ಅವರೇ ಎಚ್.ಡಿ.ಕೋಟೆ ಕಾಡಿನಲ್ಲಿ ಕಾಡಾನೆ ದಾಳಿಗೆ ಬಲಿಯಾದರು. ನಿರ್ದೇಶಕರಿಗೂ ಬರುವ ಆ ಅಪಾಯ ದಿನಗೂಲಿ ವಾಚರ್‌ಗೆ ದಿನನಿತ್ಯದ್ದು. ಆದರೆ ಸರ್ಕಾರಿ ನೌಕರನಿಗಿರುವ ಸೇವಾ ಭದ್ರತೆ ಅವನಿಗಿಲ್ಲ.

ಹಾಗಾದ್ರೆ ಜಾಸ್ತಿಯೋ, ಕಮ್ಮಿಯೋ?

"ಪೊಲೀಸರಿಗೆ ಜಾಸ್ತಿ ಕೊಡ್ತಾರೆ" ಅನ್ನುವ ಮಾತು 2006ಕ್ಕೆ ಮೊದಲು ಸೇರಿದವರ ಪಿಂಚಣಿಗೆ ತಕ್ಕಮಟ್ಟಿಗೆ ಹೊಂದುತ್ತೆ. ಆ ಗುಂಪು ವರ್ಷವರ್ಷ ಕರಗುತ್ತಿದೆ. ಹೊಸಬರಿಗೆ ಸಂಬಳ ಪರವಾಗಿಲ್ಲ, ಪಿಂಚಣಿ ಮಾರುಕಟ್ಟೆಯ ಕೈಯಲ್ಲಿದೆ. ಹೋಮ್ ಗಾರ್ಡ್, ದಿನಗೂಲಿ ವಾಚರ್ ವಿಷಯದಲ್ಲಿ ಆ ಮಾತು ಪೂರ್ತಿ ಸುಳ್ಳು.

ಹಳೇ ಪಿಂಚಣಿ ಎಲ್ಲರಿಗೂ ಕೊಟ್ಟರೆ ಆ ಬಿಲ್ಲು ಕಟ್ಟುವವರು 25–30 ವರ್ಷದ ನಂತರದ ತೆರಿಗೆದಾರರು, ಅಂದರೆ ಈಗಿನ ಅಂಗಡಿಯವರ ಮಕ್ಕಳು. ಕೊಡದಿದ್ದರೆ ಮುಪ್ಪಿನ ಚಿಂತೆ ಹೊತ್ತೇ ಪೇದೆ ರಾತ್ರಿ ಬೀಟ್ ತಿರುಗಬೇಕು. ಮುಂದಿನ ಬಾರಿ ಈ ಚರ್ಚೆ ಟೀ ಅಂಗಡಿ ಮುಂದೆ ಎದ್ದಾಗ, ಎದುರಿಗೆ ನಿಂತ ಖಾಕಿ ಯಾವ ಇಸವಿಯಲ್ಲಿ ಸೇರಿದ್ದು, ಕಾಯಂ ಕೆಲಸವಾ ದಿನಗೂಲಿಯಾ ಅಂತ ಮೊದಲು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.